ಎರಡಡಿಯೊಳಗೆ ನೂರಡಿ

ಪೆಟ್ಟಿಗೆಯಲ್ಲಿ ಆರು ಯಂತ್ರದೈತ್ಯರಿದ್ದರು. ಆರೂ ತದ್ರೂಪ!

1988ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಹೊರತಂದ 'ಅಡೆಪ್ಟಸ್ ಟೈಟಾನಿಕಸ್' ಎಂಬ ಯುದ್ಧದಾಟದ ಪೆಟ್ಟಿಗೆ ಅದು. ಪ್ಲಾಸ್ಟಿಕ್ ಗೊಂಬೆ ಹೊಯ್ಯಬೇಕಾದರೆ ಉಕ್ಕಿನ ಅಚ್ಚು ಬೇಕು, ಉಕ್ಕಿನ ಅಚ್ಚು ಕೊರೆಸಬೇಕಾದರೆ ಧಾರಾಳವಾಗಿ ದುಡ್ಡು ಬೇಕು. ಕೈಯಲ್ಲಿದ್ದ ದುಡ್ಡಿಗೆ ಒಂದೇ ಬಗೆಯ ದೈತ್ಯ ದಕ್ಕಿತು. ಹಾಗಾದರೆ ಯಾರ ಮೇಲೆ ಯಾರು ಯುದ್ಧಕ್ಕೆ ಹೋಗುವುದು? ಎರಡೂ ಕಡೆ ಒಂದೇ ರೂಪದ ಯಂತ್ರಗಳು ಎದುರುಬದುರು ನಿಲ್ಲಬೇಕಾದರೆ ಅದು ಒಂದೇ ಮನೆಯವರ ಕಾಳಗವೇ ಆಗಬೇಕು. ಆಟ ಕಟ್ಟಿದವರು ಹಾಗೆಯೇ ಬರೆದರು: ಗೆಲಕ್ಸಿಯನ್ನಾಳುವ ಚಕ್ರವರ್ತಿಯ ಮೇಲೆ ಅವನ ಮೆಚ್ಚಿನ ಮಗ ಹೋರಸ್ ತಿರುಗಿಬಿದ್ದ, ಸಾಮ್ರಾಜ್ಯ ಇಬ್ಭಾಗವಾಯಿತು. ಆ ಒಂದು ಎಳೆ ಹಬ್ಬಿದ ಬಗೆ ನೋಡಿ! 2006ರಲ್ಲಿ ಅದು ಕಾದಂಬರಿ ಮಾಲೆಯಾಗಿ ಶುರುವಾಯಿತು, ಐವತ್ತಕ್ಕೂ ಹೆಚ್ಚು ಪುಸ್ತಕಗಳಿಗೆ ಬೆಳೆಯಿತು, ಲಕ್ಷಾಂತರ ಓದುಗರು ಅದರೊಳಗೆ ಮುಳುಗಿದರು. ಇಷ್ಟೆಲ್ಲಕ್ಕೂ ಬೀಜ ಒಂದು ಅಚ್ಚಿನ ಉಳಿತಾಯ. ಇನ್ನೂ ಸೋಜಿಗವೆಂದರೆ, ಆ ಆರು ಗೊಂಬೆಗಳಲ್ಲಿ ನಿಷ್ಠ ಯಾರು, ದ್ರೋಹಿ ಯಾರು ಎಂಬುದನ್ನು ತೀರ್ಮಾನಿಸುತ್ತಿದ್ದುದು ಆಟಗಾರ ಬಳಿದ ಬಣ್ಣ ಮಾತ್ರ.

ಆ ದೈತ್ಯರ ಹೆಸರು ಟೈಟಾನ್. 1987ರಲ್ಲಿ ರಿಕ್ ಪ್ರೀಸ್ಟ್ಲಿ ಬರೆದ 'ವಾರ್‌ಹ್ಯಾಮರ್ 40,000' ಆಟದ ಲೋಕಕ್ಕೆ ಸೇರಿದವರು. ಮೊದಲ ಪೆಟ್ಟಿಗೆಯಲ್ಲಿ ಅವರು ಬೆರಳುದ್ದದವರು, ಏಕೆಂದರೆ ಆ ಪೆಟ್ಟಿಗೆಯ ಅಳತೆಯಲ್ಲಿ ಮನುಷ್ಯ ಅಕ್ಕಿಕಾಳಿನಷ್ಟೇ ಎತ್ತರ. ಆದರೆ ಮೂಲ ಆಟದ ಸೈನಿಕ ಸುಮಾರು 28 ಮಿಲಿಮೀಟರ್ ನಿಲ್ಲುತ್ತಾನೆ. ಅವನ ಪಕ್ಕದಲ್ಲಿ, ಅದೇ ಅಳತೆಯಲ್ಲಿ ಟೈಟಾನ್ ನಿಂತರೆ? ಈ ಪ್ರಶ್ನೆ ಹವ್ಯಾಸಿಗಳನ್ನು ವರ್ಷಗಟ್ಟಲೆ ಕಾಡಿತು. 1990ರ ದಶಕದಲ್ಲಿ ಅಮೆರಿಕದ ಆರ್ಮರ್‌ಕಾಸ್ಟ್ ಕಂಪನಿ ಪರವಾನಗಿ ಪಡೆದು ಅಂಥವನ್ನು ರೆಸಿನ್‌ನಲ್ಲಿ ಹೊಯ್ದಿತು. ಸಂಗ್ರಾಹಕರು ಇವತ್ತಿಗೂ ಅವುಗಳ ಬೆನ್ನು ಬಿಟ್ಟಿಲ್ಲ. ಆಮೇಲೆ ಗೇಮ್ಸ್ ವರ್ಕ್‌ಶಾಪ್‌ನದೇ ಅಂಗವಾದ ಫೋರ್ಜ್ ವರ್ಲ್ಡ್ ವಾರ್‌ಹೌಂಡ್ ಎಂಬ ಟೈಟಾನ್ ತಂದಿತು, ರೀವರ್ ಎಂಬುದನ್ನು ತಂದಿತು. ಕೊನೆಗೆ 2015ರಲ್ಲಿ ಬಂತು ವಾರ್‌ಲಾರ್ಡ್: ಎರಡಡಿಗೆ ಸ್ವಲ್ಪವೇ ಕಡಿಮೆ ಎತ್ತರ, ತೋಳಿನ ಫಿರಂಗಿಗಳನ್ನೂ ಸೇರಿಸಿದರೆ ಲಕ್ಷ ರೂಪಾಯಿ ದಾಟುವ ಬೆಲೆ.

ಕತೆಯೊಳಗೆ ಈ ವಾರ್‌ಲಾರ್ಡ್ ನೂರಡಿಗೂ ಎತ್ತರ. ನೂರಡಿ! ಈ ಸಂಖ್ಯೆಯನ್ನು ಹಿಂಬಾಲಿಸಿ ಹೋದಾಗ ನಾನು ಮುಟ್ಟಿದ್ದು ಎಚ್. ಜಿ. ವೆಲ್ಸ್‌ನ ಬಾಗಿಲನ್ನು. 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಏರಿ ಬರುವ ಮೂರು ಕಾಲಿನ ಯಂತ್ರಗಳ ಎತ್ತರವೂ ಹೆಚ್ಚುಕಡಿಮೆ ನೂರಡಿ. ಅದೇ ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಇನ್ನೊಂದು ಪುಸ್ತಕ ಬರೆದ. ಬ್ರಿಟನ್ಸ್ ಕಂಪನಿಯ ಸೀಸದ ಸಿಪಾಯಿಗಳನ್ನೂ ಸ್ಪ್ರಿಂಗ್ ಫಿರಂಗಿಯನ್ನೂ ನೆಲದ ಮೇಲೆ ಹೂಡಿ ಯುದ್ಧ ಆಡುವ ನಿಯಮಗಳು ಅದರಲ್ಲಿವೆ. ಇಂದಿನ ಗೊಂಬೆ ಯುದ್ಧದಾಟಗಳೆಲ್ಲ ಅದನ್ನು ಹಿರಿಯನೆಂದು ಗೌರವಿಸುತ್ತವೆ. ಯಂತ್ರದೈತ್ಯನನ್ನು ಕಲ್ಪಿಸಿದ ತಲೆಯೂ ಗೊಂಬೆಯಾಟಕ್ಕೆ ಕಾನೂನು ಬರೆದ ಕೈಯೂ ಒಬ್ಬನದೇ! ಆದರೂ ಆ ಆಟದ ನೆಲದಲ್ಲಿ ಕಾಲಾಳು, ಕುದುರೆ, ಫಿರಂಗಿಗಳಿವೆಯೇ ಹೊರತು ಮಂಗಳದ ಯಂತ್ರ ಕಾಲಿಡಲಿಲ್ಲ. ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ನಾನು ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ.

ಈಗ ಟೈಟಾನಿನ ತಲೆಯೊಳಗೆ ಬನ್ನಿ. ಹೌದು, ತಲೆಯೊಳಗೆ ಕೋಣೆಯಿದೆ. ಅದರಲ್ಲಿ ಪೀಠಗಳಿವೆ, ಪೀಠಗಳಲ್ಲಿ ಯಂತ್ರ ನಡೆಸುವ ಪುಟ್ಟ ಮನುಷ್ಯರು ಕೂತಿದ್ದಾರೆ, ಅವರೆದುರು ಗುಂಡಿಗಳೂ ಪರದೆಗಳೂ ಇವೆ. ತಲೆ ಮುಚ್ಚಿಬಿಟ್ಟರೆ ಒಳಗಿನದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೂ ಬಣ್ಣ ಹಚ್ಚುವವರು ತಲೆಯನ್ನು ಅಂಟಿಸುವ ಮೊದಲು ಆ ಪರದೆಗಳಿಗೆ ಹಸಿರು ಬೆಳಕು ತುಂಬುತ್ತಾರೆ, ಆ ಬೆಳಕು ಸಾರಥಿಯ ಗಲ್ಲದ ಮೇಲೆ ಬಿದ್ದಂತೆ ಒಂದು ಎಳೆ ಎಳೆಯುತ್ತಾರೆ. ಕೆಲವರು ಅಂಟನ್ನೇ ಬಿಟ್ಟು ಅಯಸ್ಕಾಂತ ಕೂರಿಸುತ್ತಾರೆ, ಬೇಕೆಂದಾಗ ತೆಗೆದು ತೋರಿಸಲು. ಕಾಣದ ಜಾಗಕ್ಕೂ ಇಷ್ಟು ಜೀವ ತೇಯುವವರ ಮೇಲೆ ನನಗೆ ಹೇಳಲಾರದಷ್ಟು ಗೌರವ.

ಜೋಡಣೆಯ ಕೆಲಸವೇ ಒಂದು ತಪಸ್ಸು. ಅಚ್ಚಿನಿಂದ ಬಿಡಿಸಿಕೊಳ್ಳಲು ಸವರಿದ ಜಿಡ್ಡು ರೆಸಿನ್ ತುಂಡುಗಳ ಮೇಲೆ ಉಳಿದಿರುತ್ತದೆ, ಸೋಪುನೀರಲ್ಲಿ ತೊಳೆಯದಿದ್ದರೆ ಬಣ್ಣ ನಿಲ್ಲುವುದಿಲ್ಲ. ಸೊಟ್ಟಗಾದ ತುಂಡನ್ನು ಬಿಸಿನೀರಿಗೆ ಅದ್ದಿ ಮೆತ್ತಗಾಗಿಸಿ ನೇರ ಮಾಡಬೇಕು. ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಹಾಗಾಗಿ ಮುಖಕ್ಕೆ ಮಾಸ್ಕ್ ಇರಲೇಬೇಕು. ಆಮೇಲೆ ಕಾಲು. ಬರೀ ಅಂಟು ನೆಚ್ಚಿದರೆ ಇಷ್ಟು ಭಾರದ ಮೈ ಒಂದು ದಿನ ಕುಸಿಯುತ್ತದೆ. ಪಾದಕ್ಕೂ ಮೊಣಕಾಲಿಗೂ ರಂಧ್ರ ಕೊರೆದು ಲೋಹದ ಕಂಬಿ ತೂರಿಸುತ್ತಾರೆ. ಇದರ ಹಿಂದೆ ಎಂಥ ದೊಡ್ಡ ನಿಯಮವಿದೆ ಗೊತ್ತೇ? ಮುಂದೆ ಭಾರತಕ್ಕೆ ಬಂದು ಭಾರತದ ಪ್ರಜೆಯೇ ಆದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1926ರ ಒಂದು ಪ್ರಬಂಧದಲ್ಲಿ ಅದನ್ನು ಬಿಡಿಸಿ ಹೇಳಿದ್ದಾರೆ. ಎತ್ತರ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು, ಆದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಬರೀ ನೂರು ಪಟ್ಟು. ಕತೆಗಳ ರಾಕ್ಷಸ ನಿಜವಾಗಿದ್ದರೆ ಹೆಜ್ಜೆಹೆಜ್ಜೆಗೂ ಅವನ ತೊಡೆಮೂಳೆ ಮುರಿಯುತ್ತಿತ್ತು. ನೂರಡಿಯ ಟೈಟಾನನ್ನು ಅಸಾಧ್ಯವಾಗಿಸುವ ಅದೇ ಗಣಿತ ಎರಡಡಿಯ ಬೊಂಬೆಯ ಮೊಣಕಾಲಿನಲ್ಲೂ ತನ್ನ ಪಾಲು ಕೇಳುತ್ತದೆ!

ಇನ್ನು ಬಣ್ಣ. ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇಲ್ಲಿಯ ವಿದ್ಯೆ. ಎರಡಡಿಯ ವಸ್ತು ಕಣ್ಣಿಗೆ ನೂರಡಿಯಾಗಿ ಕಾಣಬೇಕು, ಹೇಗೆ? ಅಂಗಳದಷ್ಟು ಅಗಲದ ಕವಚಕ್ಕೆ ಒಂದೇ ಬಣ್ಣ ಬಳಿದರೆ ಅದು ಆಟಿಕೆಯಾಗಿ ಕುಗ್ಗುತ್ತದೆ. ಕಲಾವಿದರು ಮೊದಲು ಕಪ್ಪು ಪ್ರೈಮರ್ ಹೊಡೆದು, ಮೇಲಿನಿಂದ ಮಾತ್ರ ಬಿಳಿ ಸಿಂಪಡಿಸುತ್ತಾರೆ: ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿದ್ದಾಗ ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬ ನಕ್ಷೆ ಅದು. ನಂತರ ಏರ್‌ಬ್ರಷ್‌ನಲ್ಲಿ ತೆಳುವಾಗಿ ಕೂರಿಸುವ ಬಣ್ಣ ಒಂದೊಂದು ತಗಡಿನಲ್ಲೂ ಒಂದಿಷ್ಟು ಬೇರೆ. ಕೀಲುಗಳ ಸಂದಿಗೆ ನೀರಾದ ಕಪ್ಪು ಇಳಿಸುತ್ತಾರೆ. ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ ಹೊಡೆದು, ಒಣಗಿದ ಮೇಲೆ ಕವಚದ ಬಣ್ಣ ಹಚ್ಚಿ, ಒದ್ದೆ ಕುಂಚದಿಂದ ತಿಕ್ಕಿದರೆ ಮೇಲಿನ ಪದರ ನಿಜವಾದ ಹಳೆಯ ಲೋಹದಂತೆಯೇ ಚಕ್ಕೆ ಏಳುತ್ತದೆ. ತಲೆಗೂದಲಿಗೆಂದು ಮಾಡಿದ ದ್ರವ ಇಲ್ಲಿ ನೂರಾರು ವರ್ಷದ ಮಳೆಗಾಳಿಯ ಕೆಲಸ ಮಾಡುತ್ತದೆ!

ಆದರೆ ಗುಟ್ಟಿನ ಗುಟ್ಟು ಇದು: ದೊಡ್ಡದನ್ನು ದೊಡ್ಡದಾಗಿಸುವುದು ಸಣ್ಣದು. ಮೊಣಕಾಲಿನ ಪಕ್ಕದಲ್ಲೊಂದು ಕೂದಲೆಳೆಯ ಏಣಿ, ಭುಜದ ಮೇಲೆ ಸಾಸಿವೆಗಿಂತ ಚಿಕ್ಕ ರಿವೆಟ್ ಸಾಲು, ಪಾದದ ಬಳಿ ಇಂಚೆತ್ತರದ ಒಬ್ಬ ಸೈನಿಕ. ಕಣ್ಣು ಮೊದಲು ಆ ಸೈನಿಕನನ್ನು ಮನುಷ್ಯನೆಂದು ಒಪ್ಪುತ್ತದೆ, ಆಮೇಲೆ ತಾನಾಗಿಯೇ ತಲೆಯೆತ್ತಿ ಮೇಲೆ ನೋಡುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಕಾಲಬಳಿ ಹುತ್ತ ಕೆತ್ತಿ, ಅದರಿಂದ ಇಣುಕುವ ಹಾವು ಕೆತ್ತಿ, ತೊಡೆಗೆ ಬಳ್ಳಿ ಹಬ್ಬಿಸಿದ ಶಿಲ್ಪಿಯ ಕೈಚಳಕ ನೆನಪಿಗೆ ಬರುವುದಿಲ್ಲವೇ? ಅದಕ್ಕೇ ಟೈಟಾನ್ ಚಿತ್ರಿಸುವವರು ಸಮಯದ ಬಹುಪಾಲನ್ನು ಕಳೆಯುವುದು ಸೂಜಿಮೊನೆಯ ಕುಂಚದ ಜೊತೆ.

ಈ ಕಲೆಗೆ ಗೇಮ್ಸ್ ವರ್ಕ್‌ಶಾಪ್ 1987ರಿಂದಲೇ 'ಗೋಲ್ಡನ್ ಡೀಮನ್' ಎಂಬ ಸ್ಪರ್ಧೆ ನಡೆಸಿಕೊಂಡು ಬಂದಿದೆ, ಗೆದ್ದವರಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಒಂದು ನಿಜವಾದ ಉದ್ದನೆಯ ಖಡ್ಗ. ಲಕ್ಷ ರೂಪಾಯಿಯ ರೆಸಿನ್ ಎಲ್ಲರ ಕೈಗೆಟುಕುವುದಿಲ್ಲ, ನಿಜ. ಆದರೆ ನನಗೆ ಈ ಲೋಕದಲ್ಲಿ ಅತಿ ಪ್ರಿಯವಾದ ಸಂಗತಿ ಹೊಳೆದಿದ್ದೇ ಇಲ್ಲಿ. ಆಟದ ಮೊದಲ ದಿನಗಳಲ್ಲಿ ದೊಡ್ಡ ವಾಹನಗಳ ಗೊಂಬೆಗಳೇ ಸಿಗುತ್ತಿರಲಿಲ್ಲ. ಆಗ ಡಿಯೋಡರೆಂಟಿನ ಖಾಲಿ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡಿಕೊಳ್ಳುವ ವಿಧಾನವನ್ನು ಆಟದವರೇ ಅಚ್ಚುಹಾಕಿ ಹಂಚಿದರು. ಆ ಪರಂಪರೆ ಬತ್ತಿಲ್ಲ. ಇವತ್ತಿಗೂ ಎಷ್ಟೋ ಮಂದಿ ರಟ್ಟು, ಫೋಮ್ ಹಾಳೆ, ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸಿ ಆಳುದ್ದದ ಕನಸನ್ನು ತಾವೇ ಕಟ್ಟುತ್ತಾರೆ. ಪಿವಿಸಿ ಪೈಪು ತೊಡೆಯಾಗುತ್ತದೆ, ಪೆನ್ನಿನ ಮುಚ್ಚಳ ಫಿರಂಗಿಯ ಮೂತಿಯಾಗುತ್ತದೆ, ಬಾಟಲಿಯ ಬಿರಡೆ ಮೊಣಕಾಲ ಚಿಪ್ಪಾಗುತ್ತದೆ. ಎಲ್ಲದರ ಮೇಲೂ ಒಂದು ಪದರ ಪ್ರೈಮರ್ ಬೀಳಲಿ. ಯಾವುದು ಪೈಪು, ಯಾವುದು ಪೆನ್ನು ಎಂದು ಕಟ್ಟಿದವರೇ ಹುಡುಕಿ ನೋಡಬೇಕಾಗುತ್ತದೆ.