ಬಿಸಿಲಿಗೆ ನೇರಳೆಯಾಗುವ ಔಷಧದ ಸೀಸೆ

ಅಮೆರಿಕದ ಹಳೆಯ ಆಸ್ಪತ್ರೆಗಳ ಔಷಧಾಲಯದ ಗಾಜಿನ ಸೀಸೆಗಳನ್ನು ಸಂಗ್ರಹಿಸುವವರಲ್ಲಿ ನೇರಳೆ ಛಾಯೆಯ ಸೀಸೆಗೆ ವಿಶೇಷ ಮೋಹವಿದೆ. ಆದರೆ ಆ ಬಣ್ಣ ಯಾವ ಗಾಜುಗಾರನೂ ಬಯಸಿದ್ದಲ್ಲ, ಬಣ್ಣವನ್ನು ಕಳೆಯಲೆಂದು ಬೆರೆಸಿದ ವಸ್ತುವಿನಿಂದಲೇ ತಡವಾಗಿ ಹುಟ್ಟಿಕೊಂಡದ್ದು.

ಗಾಜಿಗೆ ಬಳಸುವ ಮರಳಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುವುದರಿಂದ ಸೀಸೆಗೆ ಹಸಿರು ಛಾಯೆ ಬರುತ್ತದೆ. ಟಿಂಕ್ಚರ್, ಎಂದರೆ ಮದ್ಯಸಾರದಲ್ಲಿ ಇಳಿಸಿದ ಔಷಧಸಾರ, ಕದಡಿದೆಯೇ ತಿಳಿಯಾಗಿದೆಯೇ ಎಂಬುದು ಹೊರಗಿನಿಂದಲೇ ಕಾಣಬೇಕಾದರೆ ಈ ಹಸಿರು ಅಡ್ಡಿಯಾಗುತ್ತಿತ್ತು. ಆದ್ದರಿಂದ ‘ಗಾಜುಗಾರರ ಸಾಬೂನು’ ಎಂದೇ ಹೆಸರಾದ ಮ್ಯಾಂಗನೀಸ್ ಡೈಆಕ್ಸೈಡನ್ನು ಚಿಟಿಕೆಯಷ್ಟು ಬೆರೆಸುತ್ತಿದ್ದರು: ಅದು ಕಬ್ಬಿಣದ ಹಸಿರನ್ನು ಮಾಸಲು ಹಳದಿಗೆ ತಿರುಗಿಸಿ, ಉಳಿದುದನ್ನು ತನ್ನದೇ ನಸುನೇರಳೆಯಿಂದ ಮರೆಸುತ್ತಿತ್ತು. ಬಟ್ಟೆಗೆ ನೀಲಿ ಹಾಕಿ ಹಳದಿಯನ್ನು ಅಡಗಿಸುವ ಮಡಿವಾಳರ ಉಪಾಯವೂ ಇದೇ; ವ್ಯತ್ಯಾಸವೆಂದರೆ, ಬಟ್ಟೆಯ ನೀಲಿ ಒಗೆದಂತೆ ಹೋಗುತ್ತದೆ, ಗಾಜಿನ ಮ್ಯಾಂಗನೀಸ್ ಒಳಗೇ ಕಾದು ಕೂರುತ್ತದೆ. ಸೂರ್ಯನ ಅತಿನೇರಳೆ ಕಿರಣ ವರ್ಷಗಟ್ಟಲೆ ಬಿದ್ದಾಗ ಅದರ ಬಣ್ಣವಿಲ್ಲದ ಅಯಾನು (ವಿದ್ಯುದಂಶವುಳ್ಳ ಪರಮಾಣು) ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ನೇರಳೆಯಾಗುತ್ತದೆ.

ಈ ಸಂಗತಿಯನ್ನು ಮೈಕೇಲ್ ಫ್ಯಾರಡೆ 1820ರ ದಶಕದಲ್ಲೇ ಪರೀಕ್ಷಿಸಿದ್ದನು. ಗಾಜಿನ ಹಲಗೆಗಳನ್ನು ತುಂಡರಿಸಿ, ಒಂದೊಂದರ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಟ್ಟು, ಇನ್ನೊಂದನ್ನು ಬಿಸಿಲಿಗೊಡ್ಡಿ, ತಿಂಗಳುಗಳ ಬಳಿಕ ಜೋಡಿಸಿ ನೋಡಿದಾಗ ಬಿಸಿಲಿನ ತುಂಡು ಗಾಢವಾಗಿತ್ತು. ವಿದ್ಯುತ್ತಿನ ಫ್ಯಾರಡೆಯನ್ನು ಹೊಗಳುವವರು ಈ ಸರಳ ಪ್ರಯೋಗವನ್ನು ಮರೆಯುವುದೇ ಹೆಚ್ಚು.

ಮೊದಲ ಮಹಾಯುದ್ಧದ ಹೊತ್ತಿಗೆ ಮ್ಯಾಂಗನೀಸಿನ ಸ್ಥಾನಕ್ಕೆ ಸೆಲೆನಿಯಂ ಬರತೊಡಗಿದ್ದರಿಂದ ನೇರಳೆ ಛಾಯೆ ಪ್ರಾಚೀನತೆಯ ಗುರುತೆನಿಸಿತು. ವ್ಯಾಪಾರದ ಮೋಸಕ್ಕೂ ಅದೇ ದಾರಿಯಾಯಿತು. ಔಷಧಾಲಯದ ಬೀರುವಿನ ಒಳಗೆ, ಉಜ್ಜಿ ಕೂರಿಸಿದ ಗಾಜಿನ ಬಿರಡೆಯೊಂದಿಗೆ ಆಯುಷ್ಯ ಕಳೆದ ಸೀಸೆಗೆ ಅಷ್ಟು ಬಿಸಿಲು ಎಲ್ಲಿಂದ ಬರಬೇಕು? ಸಹಜವಾಗಿ ನೇರಳೆಯಾದವು ಬಹುಪಾಲು ಮರುಭೂಮಿಯ ಹಳೆಯ ತಿಪ್ಪೆಗಳಲ್ಲಿ ಬಯಲಿಗೆ ಬಿದ್ದವು, ಅವುಗಳ ಬಣ್ಣವೂ ಸಾಮಾನ್ಯವಾಗಿ ತೆಳುವು. ಕಡು ಜಂಬುನೇರಳೆಯಂತೆ ಹೊಳೆಯುವ ಸೀಸೆಗೆ ರೋಗಾಣುನಾಶಕ ಅತಿನೇರಳೆ ದೀಪವನ್ನೋ, ಸಿರಿಂಜುಗಳನ್ನು ಶುದ್ಧಗೊಳಿಸಲು ಬಳಸುವಂಥ ಗಾಮಾ ಕಿರಣವನ್ನೋ ಹಾಯಿಸಿರುವ ಸಾಧ್ಯತೆಯೇ ಹೆಚ್ಚು. ಬಿಸಿಲಿನ ನೇರಳೆ, ಕೃತಕ ನೇರಳೆ ಎರಡರಲ್ಲೂ ಬಣ್ಣ ಕೊಡುವ ಅಯಾನು ಒಂದೇ ಆದ್ದರಿಂದ ಕಣ್ಣಿಗೆ ಅನುಮಾನ ಬರಬಹುದೇ ಹೊರತು ಖಚಿತ ಪುರಾವೆ ಸಿಗದು. ಅಸಲಿ ನೇರಳೆಯೂ ನಕಲಿ ನೇರಳೆಯೂ ಕುಲುಮೆಯಲ್ಲಿ ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಒಂದೇ ರೀತಿ ಮಾಯವಾಗುತ್ತವೆ.