ಕಾಲುಗುರನ್ನು ಕಡೆಗಣಿಸದಿರಿ

ಯುವ ಮಿತ್ರರೇ, ಮುಂಬಯಿಯ ಮಳೆಗಾಲದಲ್ಲಿ ಒದ್ದೆ ಬೂಟು, ಒದ್ದೆ ಕಾಲುಚೀಲದಲ್ಲೇ ದಿನ ಕಳೆಯುವವರು ನೀವು. ಹೆಬ್ಬೆರಳ ಉಗುರಿನ ಅಂಚು ಮಾಂಸದೊಳಕ್ಕೆ ಚುಚ್ಚಿ ಬೆರಳು ಊದಿಕೊಂಡಾಗಲಷ್ಟೇ ಅದರ ನೆನಪಾಗುತ್ತದೆ, ಅಲ್ಲವೇ?

ಬಿಗಿಯಾದ ಬೂಟು, ಉಗುರಿನ ಮೂಲೆಗಳನ್ನು ಗುಂಡಗೆ ಆಳವಾಗಿ ಕತ್ತರಿಸುವುದು ಇದಕ್ಕೆ ಮುಖ್ಯ ಕಾರಣಗಳು. ಉಗುರನ್ನು ನೇರವಾಗಿ ಕತ್ತರಿಸಿ. ನೋವಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ ಕಾಲಿಟ್ಟು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ. ಬ್ಲೇಡಿನಿಂದ ಕೆದಕಬೇಡಿ. ಗಾಯದ ಕಾಲಲ್ಲಿ ನಿಂತ ಮಳೆನೀರು ದಾಟಿದರೆ ಲೆಪ್ಟೊಸ್ಪೈರೋಸಿಸ್ ತಗಲುವ ಅಪಾಯವಿದೆ. ಅಂದೇ ವೈದ್ಯರಿಗೆ ತೋರಿಸಿ.

ಕೀವು ಕಂಡರೆ ಸರ್ಜನ್ ಬಳಿ ಹೋಗಿ. ಉಗುರು ಹಳದಿಯಾಗಿ ದಪ್ಪವಾದರೆ ಚರ್ಮವೈದ್ಯರ ಬಳಿ. ಪಾರ್ಲರಿನ ಪೆಡಿಕ್ಯೂರ್ ಚಿಕಿತ್ಸೆಯಲ್ಲ. ತಾಳ್ಮೆಯೂ ಬೇಕು: ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಹಿಡಿಯುತ್ತದೆ.

ಇನ್ನೊಂದು ಮಾತು. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆಯೇ? ಹಾಗಿದ್ದರೆ ಅವರ ಕಾಲಿನ ಸ್ಪರ್ಶಜ್ಞಾನ ಕುಂದಿ, ಉಗುರು ಚುಚ್ಚಿದರೂ ನೋವು ತಿಳಿಯದೇ ಹೋಗಬಹುದು. ಯಾರೂ ಗಮನಿಸದ ಸಣ್ಣ ಗಾಯ ಕಾಲನ್ನೇ ಕಳೆಯಬಲ್ಲದು. ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಡಯಾಬಿಟಿಕ್ ಫುಟ್ ಕ್ಲಿನಿಕ್ ಇದೆ, ವರ್ಷಕ್ಕೊಮ್ಮೆಯಾದರೂ ಕರೆದೊಯ್ಯಿರಿ. ಹಬ್ಬದ ದಿನ ಹಿರಿಯರ ಕಾಲಿಗೆ ನಮಸ್ಕರಿಸುವಾಗ ಅವರ ಉಗುರುಗಳನ್ನೂ ಒಮ್ಮೆ ನೋಡಿ.