ಕೆಳಗೆ ಮಡಕಿ, ಮೇಲೆ ಬಟಾಟಿ

ವಯಸ್ಸಾದವರ ಮನೆಯಲ್ಲಿ ಮೊದಲು ಸೊರಗುವುದು ರಾತ್ರಿಯ ಊಟ. ಮೊದಲು ಬಿಸಿ ರೊಟ್ಟಿ ಹೋಗುತ್ತದೆ, ಆಮೇಲೆ ಪಲ್ಯ. ಕೊನೆಗೆ ಒಂದು ಲೋಟ ಹಾಲು, ಎರಡು ಬಿಸ್ಕೀಟಿಗೆ ಬಂದು ನಿಲ್ಲುತ್ತದೆ. ಆಲಮಟ್ಟಿಯ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನನ್ನಾಕೆಗೆ ಮೊಣಕಾಲು ನೋವು. ಒಲೆಯ ಮುಂದೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಕಳೆದ ಚಳಿಗಾಲದಲ್ಲಿ ಅವಳ ತೂಕ ಇಳಿದದ್ದನ್ನು ನೋಡಿ ಡಾಕ್ಟರರು, ‘ರಾತ್ರಿ ಹಾಲು ಕುಡಿದು ಮಲಗಿದರೆ ಆಗುವುದಿಲ್ಲ, ಕಾಳು-ಬೇಳೆ ಹೊಟ್ಟೆಗೆ ಬೀಳಬೇಕು’ ಎಂದರು. ಅಂದಿನಿಂದ ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಇದು, ರೊಟ್ಟಿ ಬಡಿಯಲು ಬರುವುದಿಲ್ಲ. ಹಾಗಾಗಿ ಒಂದೇ ಪಾತ್ರೆಯಲ್ಲಿ ಎಲ್ಲ ಮುಗಿಯುವ, ಪಿಂಚಣಿಗೆ ಭಾರವಾಗದ ಅಡುಗೆ ಯಾವುದಿದೆ ಎಂದು ಹುಡುಕತೊಡಗಿದೆ.

ಅದು ಸಿಕ್ಕಿದ್ದು ದಸರಾ ರಜೆಗೆ ಬಂದ ಮೊಮ್ಮಗಳ ಪುಸ್ತಕದಲ್ಲಿ. ಅವಳು ಏಳನೇ ಇಯತ್ತೆ. ಚಿತ್ರದಲ್ಲಿ ಒಂದು ಆಳವಾದ ತಟ್ಟೆ. ಕೆಳಗೆ ಕಂದು ಪದರ, ಮೇಲೆ ಹಳದಿ ಪದರ. ‘ಅಜ್ಜಾ, ಇದು ಕೇಕ್ ಅಲ್ಲ, ಆಲೂಗಡ್ಡಿ!’ ಎಂದಳು.

ಅದು ಫ್ರಾನ್ಸಿನ ಅಡುಗೆ. ಅದರ ಹೆಸರಿನಲ್ಲಿ ಪರ್ಮಾಂಟಿಯೇ ಎಂಬ ಔಷಧ ತಜ್ಞನ ಹೆಸರು ಸೇರಿದೆ. ಮಕ್ಕಳೇ, ಈ ಮನುಷ್ಯನ ಕಥೆ ನೀವು ಕೇಳಬೇಕು. ಅವನು ಹುಟ್ಟಿದ್ದು 1737ರಲ್ಲಿ. ಯುದ್ಧದಲ್ಲಿ ಪ್ರಷ್ಯದವರ ಕೈಗೆ ಸೆರೆ ಸಿಕ್ಕಾಗ ಅವನಿಗೆ ತಿನ್ನಲು ಕೊಟ್ಟದ್ದು ಆಲೂಗಡ್ಡೆ. ಆ ಕಾಲದ ಫ್ರೆಂಚರು ಅದನ್ನು ಹಂದಿಗೆ ಹಾಕುತ್ತಿದ್ದರು, ತಿಂದರೆ ಕುಷ್ಠ ಬರುತ್ತದೆ ಎಂದೂ ಹೆದರುತ್ತಿದ್ದರು. ಇವನು ತಿಂದೂ ಗಟ್ಟಿಮುಟ್ಟಾಗಿಯೇ ಊರಿಗೆ ಮರಳಿದ. ಜನರಿಗೆ ಎಷ್ಟು ಹೇಳಿದರೂ ನಂಬಲಿಲ್ಲ. ಆಗ ರಾಜ ಹದಿನಾರನೇ ಲೂಯಿಯಿಂದ ಪ್ಯಾರಿಸ್ ಹತ್ತಿರ ಸ್ವಲ್ಪ ಹೊಲ ಪಡೆದು ಆಲೂಗಡ್ಡೆ ಹಾಕಿದ. ಹಗಲಿಡೀ ಹೊಲಕ್ಕೆ ಸಿಪಾಯಿಗಳ ಕಾವಲು ಇಟ್ಟ, ರಾತ್ರಿ ಕಾವಲು ತೆಗೆಸಿದ ಎಂದು ಕಥೆ ಹೇಳುತ್ತಾರೆ. ಇಷ್ಟು ಕಾಯುತ್ತಾರೆಂದರೆ ಭಾರಿ ಬೆಲೆಬಾಳುವ ಬೆಳೆಯೇ ಇರಬೇಕೆಂದು ಜನ ರಾತ್ರಿ ಬಂದು ಕದ್ದೊಯ್ದು ತಮ್ಮ ತಮ್ಮ ಹಿತ್ತಲಲ್ಲಿ ನೆಟ್ಟರಂತೆ! ಪ್ಯಾರಿಸ್ಸಿನಲ್ಲಿರುವ ಅವನ ಸಮಾಧಿಯ ಮೇಲೆ ಈಗಲೂ ಜನ ಹೂವಿನ ಜೊತೆ ಆಲೂಗಡ್ಡೆ ಇಟ್ಟು ಬರುತ್ತಾರೆ. ಈ ಕಥೆ ಕೇಳಿದ ಮೇಲೆ ಮೊಮ್ಮಗ ನಮ್ಮ ತರಕಾರಿ ಬುಟ್ಟಿಗೂ ಒಂದು ದಿನ ಕಾವಲು ಕೂತಿದ್ದ.

ಇಂಗ್ಲೆಂಡಿನಲ್ಲೂ ಇಂಥದೇ ಅಡುಗೆಯಿದೆ, ಕಾಟೇಜ್ ಪೈ. ಕಾಟೇಜ್ ಎಂದರೆ ಬಡವರ ಗುಡಿಸಲು. ಮಿಕ್ಕ ಮಾಂಸವನ್ನು ಸಣ್ಣಗೆ ಕೊಚ್ಚಿ, ಮೇಲೆ ಆಲೂಗಡ್ಡೆ ಹೊದಿಸಿ ಒಲೆಗಿಟ್ಟರೆ ಸ್ವಲ್ಪ ಮಾಂಸದಲ್ಲಿ ಇಡೀ ಮನೆಯ ಹೊಟ್ಟೆ ತುಂಬುತ್ತದೆ. ಉಳಿತಾಯವೇ ಈ ಅಡುಗೆಯ ಗುಟ್ಟು.

ಅಲ್ಲಿ ಕೆಳಗಿನ ಪದರ ದನದ ಮಾಂಸದ್ದು. ನಮ್ಮ ರಾಜ್ಯದಲ್ಲಿ 2021ರಿಂದ ದನ ಕಡಿಯಲು ಕಾನೂನಿನ ತಡೆಯಿದೆ. ಅಲ್ಲದೆ ನಮ್ಮ ಮನೆಯಲ್ಲಿ ಮಾಂಸದ ಅಡುಗೆಯೇ ಇಲ್ಲ. ತಿನ್ನುವವರು ಕುರಿಯ ಖೀಮಾ ಹಾಕಬಹುದು. ಆದರೆ ಕುರಿಮಾಂಸ ಕಿಲೋಗೆ 700 ರೂಪಾಯಿ ದಾಟಿರುವಾಗ ಕಾಲು ಕಿಲೋ ಖೀಮಾಕ್ಕೆ ಅಷ್ಟೇ ಕಾಳು ಬೆರೆಸುವುದು ಜಾಣತನ. ನಾವು ಪೂರಾ ಕಾಳನ್ನೇ ಹಾಕಿದೆವು, ಅದೂ ಮಡಕಿಕಾಳು. ವಿಜಯಪುರ ಸೀಮೆಯ ಒಣ ಹೊಲದಲ್ಲಿ ನಾಲ್ಕು ಹನಿ ಮಳೆಗೂ ಬರುವ ಬೆಳೆ ಅದು. 100 ಗ್ರಾಂ ಒಣ ಮಡಕಿಯಲ್ಲಿ ಹೆಚ್ಚು ಕಡಿಮೆ 23 ಗ್ರಾಂ ಪ್ರೊಟೀನ್ ಇದೆ, ಅಷ್ಟೇ ತೂಕದ ಬಟಾಟಿಯಲ್ಲಿ ಬರೀ 2 ಗ್ರಾಂ. ಡಾಕ್ಟರು ಹೇಳಿದ್ದು ಕೆಳಗಿನ ಪದರದಲ್ಲಿದೆ. ಮಕ್ಕಳು ಮುಗಿಬೀಳುವುದು ಮೇಲಿನ ಪದರಕ್ಕೆ.

ಐದು ಜನರ ಅಳತೆ ಹೇಳುತ್ತೇನೆ. ಕಾಲು ಕಿಲೋ ಮಡಕಿ, ಒಂದು ಕಿಲೋ ಬಟಾಟಿ, ಮೂರು ಉಳ್ಳಾಗಡ್ಡಿ, ಎರಡು ಟೊಮೆಟೊ, ಎಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಮಸಾಲೆ ಖಾರ, ಅರಿಸಿನ, ಉಪ್ಪು, ಒಂದು ಚೂರು ಬೆಲ್ಲ, ಒಂದು ಹಿಡಿ ಕೊತ್ತಂಬರಿ, ಮೂರು ಚಮಚ ಎಣ್ಣೆ, ಅರ್ಧ ಲೋಟ ಹಾಲು, ಎರಡು ಕಟಕ ರೊಟ್ಟಿ. ಕಳೆದ ಸಲ ಲೆಕ್ಕ ಬರೆದಾಗ ಎಲ್ಲ ಸೇರಿ 120 ರೂಪಾಯಿ ಆಗಿತ್ತು, ಅಂದರೆ ತಲೆಗೆ 24. ಗ್ಯಾಸಿನ ಖರ್ಚು ಇದರಲ್ಲಿ ಸೇರಿಲ್ಲ. ಹಸಿರು ತಿರುಗಿದ ಬಟಾಟಿ ಮಾತ್ರ ಆರಿಸಬೇಡಿ, ಆ ಹಸಿರಿನಲ್ಲಿ ಹೊಟ್ಟೆ ಕೆಡಿಸುವ ವಿಷವಿರುತ್ತದೆ.

ನಾಳೆ ರಾತ್ರಿಯ ಊಟಕ್ಕೆ ಇವತ್ತು ಬೆಳಿಗ್ಗೆಯೇ ಮಡಕಿ ನೆನೆಹಾಕಬೇಕು. ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಗಂಟು ಬಿಚ್ಚಿ ನೋಡುವ ಕೆಲಸ ಮಕ್ಕಳದು, ಅದನ್ನು ಅವರಿಂದ ಕಸಿಯಬೇಡಿ. ಮೊಳಕೆ ಕಾಳಿಗೆ ಕುಕ್ಕರಿನಲ್ಲಿ ಒಂದೇ ಸೀಟಿ ಸಾಕು. ಬಟಾಟಿಗೆ ಸಿಪ್ಪೆ ಸಮೇತ ನಾಲ್ಕು ಸೀಟಿ.

ದಪ್ಪ ತಳದ ಅಗಲ ಪಾತ್ರೆಯಲ್ಲಿ ಬೆಳ್ಳುಳ್ಳಿ, ಉಳ್ಳಾಗಡ್ಡಿ ಕೆಂಪಗೆ ಹುರಿದು, ಟೊಮೆಟೊ, ಅರಿಸಿನ, ಮಸಾಲೆ ಖಾರ, ಉಪ್ಪು, ಬೆಲ್ಲ ಹಾಕಿ, ಕಾಳು ಸೇರಿಸಿ. ಇಡೀ ಅಡುಗೆ ನಿಂತಿರುವುದು ಇಲ್ಲೇ. ಕುರ್ಚಿಯ ಮೇಲೆ ಕೂತು ಉಸ್ತುವಾರಿ ನೋಡುವ ನನ್ನಾಕೆ ಪ್ರತಿ ಸಲವೂ ಕೂಗುತ್ತಾಳೆ: ‘ನೀರು ಪೂರಾ ಬತ್ತಲಿ ತಡೀರಿ, ಇಲ್ಲಾಂದ್ರ ಬಟಾಟಿ ಮುಳುಗತೈತಿ!’ ನಿಜ. ಕಾಳು ಉಸುಳಿಯಂತೆ ಗಟ್ಟಿಯಿದ್ದರೆ ಮಾತ್ರ ಮೇಲಿನ ಪದರ ಮೇಲೇ ನಿಲ್ಲುತ್ತದೆ. ಬಟಾಟಿಯನ್ನು ಬಿಸಿಯಿರುವಾಗಲೇ ಸುಲಿದು ಕಿವುಚಬೇಕು, ಆರಿದರೆ ಗಂಟು ಉಳಿಯುತ್ತದೆ. ಸುಲಿಯುವುದು ದೊಡ್ಡವರ ಕೆಲಸ. ಕಿವುಚಿದ್ದಕ್ಕೆ ಉಪ್ಪು, ಬಿಸಿ ಹಾಲು ಹಾಕಿ ಕಲಸಿ ಕಾಳಿನ ಮೇಲೆ ಒಂದು ಬೆರಳು ದಪ್ಪ ಹರಡಿ. ಮೊಮ್ಮಗಳು ಚಮಚದ ಹಿಂಬದಿಯಿಂದ ಅದರ ಮೇಲೆ ನೇಗಿಲ ಸಾಲು ಎಳೆಯುತ್ತಾಳೆ.

ಆ ದೇಶದವರು ಇದನ್ನು ಓವನ್ನಿನಲ್ಲಿಟ್ಟು ಮೇಲ್ಭಾಗ ಗರಿಗರಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಗ್ಯಾಸಿನ ಮೇಲೆ ಎಷ್ಟು ಹೊತ್ತು ಇಟ್ಟರೂ ಮುಚ್ಚಳದ ಹಬೆಗೆ ಮೇಲ್ಭಾಗ ಮೆತ್ತಗೇ ಇರುತ್ತದೆ. ಇದಕ್ಕೆ ದಾರಿ ತೋರಿದವಳೂ ನನ್ನಾಕೆಯೇ. ಗರಿಗರಿ ಬೇಕೆಂದರೆ ಮನೆಯಲ್ಲೇ ಇದೆಯಲ್ಲ ಎಂದು ಡಬ್ಬಿಯಿಂದ ಕಟಕ ರೊಟ್ಟಿ ತೆಗೆಸಿದಳು. ಕಬ್ಬಿಣದ ಹಂಚನ್ನು ಕಾಯಿಸಿ, ಅದರ ಮೇಲೆ ಪಾತ್ರೆಯಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಡಿ. ನಡುವೆ ಹಂಚು ಇರುವುದರಿಂದ ತಳ ಹತ್ತುವುದಿಲ್ಲ. ಬಡಿಸುವ ಹೊತ್ತಿಗೆ ರೊಟ್ಟಿಯನ್ನು ಕೈಯಲ್ಲೇ ಪುಡಿ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಹುರಿದು, ಕೊತ್ತಂಬರಿ ಜೊತೆ ಮೇಲೆ ಉದುರಿಸಿ. ಮೊದಲೇ ಉದುರಿಸಿದರೆ ಮೆತ್ತಗಾಗುತ್ತದೆ. ಬಿಳಿಜೋಳದ ಆ ಕುರುಕುರು ಯಾವ ಓವನ್ನಿನಿಂದಲೂ ಬಾರದು ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸಿನವರು ಒಪ್ಪದಿದ್ದರೆ ಬಿಡಲಿ.

ಮಕ್ಕಳು ಸಂಜೆ ಇಲ್ಲಿನ ಸಂಗೀತ ಕಾರಂಜಿ ನೋಡಿ ಬರುವಾಗ ಎಂಟು ಗಂಟೆಯಾಗುತ್ತದೆ. ಅಲ್ಲಿಯವರೆಗೂ ಹಂಚಿನ ಕಾವಿಗೆ ಪಾತ್ರೆ ಬೆಚ್ಚಗೆ ಕಾದಿರುತ್ತದೆ. ಕೇಕಿನಂತೆ ಕತ್ತರಿಸಿ ಎರಡೂ ಪದರ ಬರುವ ಹಾಗೆ ತಟ್ಟೆಗೆ ಹಾಕಬೇಕು, ಪಕ್ಕದಲ್ಲಿ ಮೊಸರು. ಹಲ್ಲಿಲ್ಲದವರು ರೊಟ್ಟಿಪುಡಿ ಬಿಟ್ಟು ತಿನ್ನಬಹುದು. ಮಕ್ಕಳು ಊರಿಗೆ ಹೋದ ಮೇಲೂ ವಾರಕ್ಕೆರಡು ರಾತ್ರಿ ಇದನ್ನೇ ಅರ್ಧ ಅಳತೆಯಲ್ಲಿ ಮಾಡುತ್ತೇನೆ. ಬಿಸ್ಕೀಟಿನ ಡಬ್ಬಿ ಈಗ ಚಹಾದ ಹೊತ್ತಿಗೆ ಮಾತ್ರ ಕೆಳಗಿಳಿಯುತ್ತದೆ. ನನ್ನಾಕೆಯ ತೂಕ ಎರಡು ಕಿಲೋ ಏರಿದೆ.

ಉಳಿದರೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಎರಡೂ ಪದರ ಕಲಸಿ, ಸ್ವಲ್ಪ ಕಡಲೆಹಿಟ್ಟು ಸೇರಿಸಿ, ವಡೆಯಂತೆ ತಟ್ಟಿ ಹಂಚಿನ ಮೇಲೆ ಕೆಂಪಗೆ ಬೇಯಿಸಿದರೆ ಶಾಲೆಯ ಡಬ್ಬಿಗಾಯಿತು.